ಆಟೋಮ್ಯಾಟಿಕ್ ಕಾರಿನ ಗೇರ್ ತಡವರಿಸ್ತಾ ಇದೆಯಾ? ಗೇರ್ ಬಾಕ್ಸ್ ಬಿಚ್ಚಿಸುವ ಮೊದಲು ಇಷ್ಟು ನೋಡಿ

ಡಿಗೆ ಹಾಕಿ ಆಕ್ಸಿಲರೇಟರ್ ಒತ್ತಿದರೆ ಎಂಜಿನ್ ಕೂಗುತ್ತದೆ, ಕಾರು ಮಾತ್ರ ಮುಂದೆ ಹೋಗುವುದಿಲ್ಲ. ಇಲ್ಲವೇ ಎರಡರಿಂದ ಮೂರನೇ ಗೇರಿಗೆ ಹೋಗುವಾಗ ಹಿಂದಿನಿಂದ ಯಾರೋ ಗುದ್ದಿದ ಹಾಗೆ ಜರ್ಕ್. ಕೆಲವರಿಗೆ ಬೆಳಿಗ್ಗೆ ಅಂಗಳದಿಂದ ಹೊರಡುವಾಗಲೇ ಗೇರ್ ಲಿವರ್ ಪಿಯಿಂದ ಕದಲುವುದಿಲ್ಲ. ಗ್ಯಾರೇಜಿಗೆ ತಗೊಂಡು ಹೋದರೆ ಮೊದಲು ಬರುವ ಮಾತು ಒಂದೇ: ‘ಗೇರ್ ಬಾಕ್ಸ್ ಹೋಗಿದೆ, ಇಳಿಸಬೇಕು.’

ಈ ಒಂದು ಮಾತಿಗೆ ಒಪ್ಪಿದರೆ ಬಿಲ್ಲು ಹತ್ತಾರು ಸಾವಿರದಿಂದ ಶುರುವಾಗಿ ಕೆಲವು ಕಾರುಗಳಲ್ಲಿ ಲಕ್ಷ ದಾಟುತ್ತದೆ. ಗೇರ್ ಬಾಕ್ಸ್ ನಿಜವಾಗಿಯೂ ಹಾಳಾಗಿರಬಹುದು, ಇಲ್ಲ ಅಂತಲ್ಲ. ಆದರೆ ಹಳೇ ಬ್ಯಾಟರಿ, ಕೆಟ್ಟ ಬ್ರೇಕ್ ಸ್ವಿಚ್, ಇಲಿ ಕಡಿದ ವಯರ್, ಕಮ್ಮಿಯಾದ ಆಯಿಲ್ ಇವೂ ಹೊರಗಿನಿಂದ ನೋಡುವಾಗ ಗೇರ್ ಬಾಕ್ಸ್ ಹೋದ ಹಾಗೆಯೇ ಕಾಣಿಸುತ್ತವೆ. ಇವನ್ನೆಲ್ಲ ನೋಡಿ ಮುಗಿಸದೆ ಬಾಕ್ಸ್ ಇಳಿಸಲು ಬಿಡಬೇಡಿ.

ನಿಮ್ಮದು ಯಾವ ಆಟೋಮ್ಯಾಟಿಕ್?

ಎರಡೇ ಪೆಡಲ್ ಇದ್ದರೆ ಎಲ್ಲವೂ ‘ಆಟೋಮ್ಯಾಟಿಕ್’ ಅಂತ ನಾವು ಹೇಳಿಬಿಡುತ್ತೇವೆ. ಒಳಗೆ ನಾಲ್ಕು ಬೇರೆ ಬೇರೆ ಯಂತ್ರಗಳಿವೆ. ಒಂದರ ಔಷಧಿ ಇನ್ನೊಂದಕ್ಕೆ ಆಗುವುದಿಲ್ಲ.

ನಮ್ಮ ದಕ್ಷಿಣ ಕನ್ನಡದ ರಸ್ತೆಗಳಲ್ಲಿ ಸಣ್ಣ ಕಾರುಗಳಲ್ಲಿ ಹೆಚ್ಚಾಗಿ ಕಾಣುವುದು ಎಎಂಟಿ. 2014ರಲ್ಲಿ ಮಾರುತಿ ಸೆಲೆರಿಯೊ ಜೊತೆ ಇದು ದೇಶದ ಮಾರುಕಟ್ಟೆಗೆ ಬಂತು. ಮಾರುತಿಯವರು ಇದನ್ನು ಎಜಿಎಸ್ ಅಂತಾರೆ, ಬೇರೆ ಕಂಪನಿಗಳು ಬೇರೆ ಹೆಸರು ಇಟ್ಟುಕೊಂಡಿವೆ. ಒಳಗಿರುವುದು ಮಾಮೂಲಿ ಮ್ಯಾನುವಲ್ ಗೇರ್ ಬಾಕ್ಸ್ ಮತ್ತು ಮಾಮೂಲಿ ಕ್ಲಚ್ ಪ್ಲೇಟ್. ನಿಮ್ಮ ಎಡಗಾಲು, ಎಡಗೈ ಮಾಡುವ ಕೆಲಸವನ್ನು ಆಕ್ಚುವೇಟರ್ ಎಂಬ ಸಾಧನ ಮಾಡುತ್ತದೆ, ಅದಕ್ಕೆ ಯಾವಾಗ ಏನು ಮಾಡಬೇಕೆಂದು ಒಂದು ಸಣ್ಣ ಕಂಪ್ಯೂಟರ್ ಹೇಳುತ್ತದೆ. ಲಿವರ್‌ನಲ್ಲಿ ಪಿ ಇಲ್ಲದೆ ಆರ್, ಎನ್, ಡಿ, ಎಂ ಮಾತ್ರ ಇದ್ದರೆ ನಿಮ್ಮದು ಬಹುತೇಕ ಇದೇ.

ಎರಡನೆಯದು ಟಾರ್ಕ್ ಕನ್ವರ್ಟರ್. ಇನ್ನೋವಾ ಕ್ರಿಸ್ಟಾ, 2022ರ ನಂತರದ ಬ್ರೆಝಾ ಆಟೋಮ್ಯಾಟಿಕ್ ಇದಕ್ಕೆ ಉದಾಹರಣೆ. ಇಲ್ಲಿ ಎಂಜಿನ್‌ಗೂ ಗೇರ್‌ಗೂ ನಡುವೆ ಶಕ್ತಿ ಸಾಗಿಸುವುದು ಆಯಿಲ್. ಮೂರನೆಯದು ಸಿವಿಟಿ, ಹೋಂಡಾ ಸಿಟಿ ಮತ್ತು ಅಮೇಜ್ ಆಟೋಮ್ಯಾಟಿಕ್‌ನಲ್ಲಿ ಇರುವಂಥದ್ದು. ಗೇರ್‌ಗಳೇ ಇಲ್ಲ, ಎರಡು ಪುಲ್ಲಿಗಳ ನಡುವೆ ಉಕ್ಕಿನ ಬೆಲ್ಟ್ ಓಡುತ್ತದೆ. ನಾಲ್ಕನೆಯದು ಎರಡು ಕ್ಲಚ್‌ಗಳಿರುವ ಡಿಸಿಟಿ, ಫೋಕ್ಸ್‌ವ್ಯಾಗನ್‌ನವರು ಡಿಎಸ್‌ಜಿ ಎನ್ನುವುದು ಇದನ್ನೇ. ಎಲೆಕ್ಟ್ರಿಕ್ ಕಾರಿನವರಿಗೆ ಈ ಲೇಖನ ಬೇಡ. ಅದರಲ್ಲಿ ಸಾಮಾನ್ಯವಾಗಿ ಒಂದೇ ಗೇರ್, ಬದಲಿಸುವ ಪ್ರಶ್ನೆಯೇ ಇಲ್ಲ.

ತೊಂದರೆ ಅಲ್ಲದ್ದನ್ನು ತೊಂದರೆ ಅಂದುಕೊಳ್ಳುವುದೂ ಉಂಟು. ಎಎಂಟಿ ಗೇರ್ ಬದಲಿಸುವಾಗ ಅರೆಕ್ಷಣ ತಡೆದು ತಲೆ ಮುಂದಕ್ಕೆ ವಾಲಿದರೆ ಅದು ಅದರ ಜಾಯಮಾನ. ಬದಲಿಸುವ ಹೊತ್ತಿಗೆ ಆಕ್ಸಿಲರೇಟರ್‌ನಿಂದ ಕಾಲು ಸ್ವಲ್ಪ ಸಡಿಲಿಸಿದರೆ ಜರ್ಕ್ ಅರ್ಧಕ್ಕರ್ಧ ಹೋಗುತ್ತದೆ. ಸಿವಿಟಿಯಲ್ಲಿ ಜೋರಾಗಿ ಒತ್ತಿದಾಗ ಶಬ್ದ ಮೊದಲು ಏರಿ, ವೇಗ ಆಮೇಲೆ ಬರುವುದೂ ಸಹಜವೇ. ಹೊಸತರಲ್ಲೂ ಹೀಗೇ ಇತ್ತಾ ಅಂತ ನೆನಪು ಮಾಡಿಕೊಳ್ಳಿ. ಮೊದಲು ಇರದಿದ್ದದ್ದು ಈಗ ಬಂದಿದ್ದರೆ ಮಾತ್ರ ಅದು ತೊಂದರೆ.

ಆರ್‌ಪಿಎಂ ಮುಳ್ಳು ಏನು ಹೇಳುತ್ತದೆ

ಡ್ಯಾಶ್‌ಬೋರ್ಡ್‌ನಲ್ಲಿ ಸ್ಪೀಡೋಮೀಟರ್ ಪಕ್ಕದಲ್ಲಿ ಎಂಜಿನ್ ಎಷ್ಟು ತಿರುಗುತ್ತಿದೆ ಎಂದು ತೋರಿಸುವ ಮೀಟರ್ ಇರುತ್ತದಲ್ಲ, ಪುಕ್ಕಟೆ ಸಿಗುವ ಪರೀಕ್ಷೆ ಅದು. ಪಿಕಪ್ ಇಲ್ಲ ಅನಿಸಿದಾಗ ಅದನ್ನು ನೋಡಿ.

ಆಕ್ಸಿಲರೇಟರ್ ಒತ್ತಿದಾಗ ಆರ್‌ಪಿಎಂ ಸರ್ರನೆ ಏರಿ ವೇಗ ಏರದಿದ್ದರೆ ಎಂಜಿನ್ ತನ್ನ ಕೆಲಸ ಮಾಡುತ್ತಿದೆ, ಶಕ್ತಿ ಚಕ್ರಕ್ಕೆ ತಲುಪುತ್ತಿಲ್ಲ. ಇದು ಸ್ಲಿಪ್. ಎಎಂಟಿ ಆದರೆ ಕ್ಲಚ್ ಪ್ಲೇಟ್ ಸವೆದಿರಬಹುದು. ಟಾರ್ಕ್ ಕನ್ವರ್ಟರ್, ಸಿವಿಟಿ ಆದರೆ ಆಯಿಲ್ ಮಟ್ಟ ಅಥವಾ ಒತ್ತಡ ಕಮ್ಮಿ, ಇಲ್ಲವೇ ಒಳಗಿನ ಕ್ಲಚ್‌ಗಳ ಸವೆತ. ಒತ್ತಿದರೂ ಆರ್‌ಪಿಎಂ ಏರುವುದೇ ಇಲ್ಲ, ಎಂಜಿನ್ ಕೆಮ್ಮುತ್ತದೆ ಎಂದಾದರೆ ಗೇರ್ ಬಾಕ್ಸ್ ಮೇಲೆ ಸಂಶಯ ಬೇಡ. ಸ್ಪಾರ್ಕ್ ಪ್ಲಗ್, ಇಗ್ನಿಷನ್ ಕಾಯಿಲ್, ಕೊಳೆ ಕಟ್ಟಿದ ಥ್ರಾಟಲ್ ಬಾಡಿ, ಡೀಸೆಲ್ ಆದರೆ ಫಿಲ್ಟರ್ ಅಥವಾ ಟರ್ಬೊ ಪೈಪ್ ನೋಡಬೇಕು.

ಟಾರ್ಕ್ ಕನ್ವರ್ಟರ್ ಇರುವ ಕಾರಿನಲ್ಲಿ ಸಮತಟ್ಟು ರಸ್ತೆಯಲ್ಲಿ 60-80 ಕಿ.ಮೀ. ವೇಗದಲ್ಲಿ ಹಗುರವಾಗಿ ಹೋಗುವಾಗ ರಬ್ಬರ್ ಸ್ಟ್ರಿಪ್ ಮೇಲೆ ಓಡಿಸಿದ ಹಾಗೆ ನಡುಕ ಬಂದರೆ, ಖಾಲಿ ರಸ್ತೆಯಲ್ಲಿ ಆಕ್ಸಿಲರೇಟರ್ ಹಾಗೇ ಇಟ್ಟು ಬ್ರೇಕ್ ಪೆಡಲನ್ನು ಎಡಗಾಲಿನಿಂದ ಒಂದು ಕ್ಷಣ, ಬ್ರೇಕ್ ಲೈಟ್ ಉರಿಯುವಷ್ಟು ಮಾತ್ರ ಮುಟ್ಟಿ. ಅಭ್ಯಾಸ ಇಲ್ಲದವರು ಇದನ್ನು ಮೆಕ್ಯಾನಿಕ್‌ಗೇ ಬಿಡಿ. ನಡುಕ ತಕ್ಷಣ ನಿಂತರೆ ಕನ್ವರ್ಟರ್ ಒಳಗಿನ ಲಾಕಪ್ ಕ್ಲಚ್ ಕಡೆ ಬೆರಳು ತೋರಿಸುತ್ತದೆ. ಎಷ್ಟೋ ಸಲ ಸರಿಯಾದ ಹೊಸ ಆಯಿಲ್ ಹಾಕಿದರೆ ಇದು ಕಡಿಮೆಯಾಗುತ್ತದೆ. ನಡುಕ ನಿಲ್ಲದಿದ್ದರೆ ಟಯರ್ ಬ್ಯಾಲೆನ್ಸ್, ಡ್ರೈವ್ ಶಾಫ್ಟ್, ಎಂಜಿನ್ ಮಿಸ್‌ಫೈರ್ ನೋಡಿಸಿ.

ಮನೆ ಅಂಗಳದಲ್ಲೇ ನೋಡಬಹುದಾದದ್ದು

ಮೊದಲು ಬ್ಯಾಟರಿ. ಎಎಂಟಿಯ ಪಂಪು, ಕಂಪ್ಯೂಟರ್ ಎಲ್ಲ ಇದರ ಮೇಲೆಯೇ ನಿಂತಿವೆ. ಇಡೀ ರಾತ್ರಿ ನಿಂತ ಕಾರಿನಲ್ಲಿ ಮಲ್ಟಿಮೀಟರ್ ಇಟ್ಟರೆ ಸುಮಾರು 12.6 ವೋಲ್ಟ್ ತೋರಿಸಬೇಕು, 12.2ಕ್ಕೆ ಇಳಿದಿದ್ದರೆ ಅರ್ಧ ಖಾಲಿ ಅಂತ ಲೆಕ್ಕ. ಎಂಜಿನ್ ಓಡುವಾಗ ಸಾಮಾನ್ಯವಾಗಿ 13.5ರಿಂದ 14.5 ಇರಬೇಕು. ಮಳೆಗಾಲದಲ್ಲಿ ವೈಪರ್, ಹೆಡ್‌ಲೈಟ್, ಎಸಿ ಎಲ್ಲ ಒಟ್ಟಿಗೆ ಓಡುವಾಗ ಮಾತ್ರ ಗೇರ್ ತಪ್ಪುತ್ತದೆ ಎಂದರೆ ಮೊದಲ ಅನುಮಾನ ಬ್ಯಾಟರಿ ಮತ್ತು ಆಲ್ಟರ್ನೇಟರ್ ಮೇಲೆ. ಟರ್ಮಿನಲ್‌ನಲ್ಲಿ ಬಿಳಿ-ಹಸಿರು ಹುಡಿ ಕಟ್ಟಿದ್ದರೆ ಬಿಸಿ ನೀರು ಹಾಕಿ ಉಜ್ಜಿ, ಒರೆಸಿ, ಬಿಗಿ ಮಾಡಿ. ಉಪ್ಪು ಗಾಳಿಯ ಕಡಲ ಬದಿಯವರು ಇದನ್ನು ಅಸಡ್ಡೆ ಮಾಡಬೇಡಿ.

ಲಿವರ್ ಪಿಯಿಂದ ಹೊರಗೆ ಬರುತ್ತಿಲ್ಲವಾ? ಬ್ರೇಕ್ ಒತ್ತಿ, ಹಿಂದಿನ ಕೆಂಪು ದೀಪ ಉರಿಯುತ್ತಾ ಅಂತ ಯಾರಿಗಾದರೂ ನೋಡಲು ಹೇಳಿ. ಉರಿಯದಿದ್ದರೆ ಪೆಡಲ್ ಹತ್ತಿರದ ಬ್ರೇಕ್ ಸ್ವಿಚ್ ಅಥವಾ ಅದರ ಫ್ಯೂಸ್ ಹೋಗಿರಬೇಕು. ನೀವು ಬ್ರೇಕ್ ಒತ್ತಿದ್ದೀರಿ ಎಂದು ಕಂಪ್ಯೂಟರ್‌ಗೆ ಗೊತ್ತಾಗದೆ ಅದು ಲಿವರ್ ಬಿಡುವುದಿಲ್ಲ. ಎಎಂಟಿಯಲ್ಲೂ ಇದೇ ಸ್ವಿಚ್ ಕೆಟ್ಟರೆ ಕಾರು ಸ್ಟಾರ್ಟ್ ಆಗದೆ, ಡಿಗೆ ಬೀಳದೆ ಸತಾಯಿಸುತ್ತದೆ. ಸ್ವಿಚ್ ದುಬಾರಿ ಸಾಮಾನಲ್ಲ, ಬದಲಿಸುವುದು ಅರ್ಧ ಗಂಟೆಯ ಕೆಲಸ. ಇದಕ್ಕಾಗಿ ಕಾರನ್ನು ಎಳೆಸಿಕೊಂಡು ಹೋಗುವುದೂ ಬೇಡ. ಅನೇಕ ಕಾರುಗಳಲ್ಲಿ ಲಿವರ್ ಪಕ್ಕ ಸಣ್ಣ ಮುಚ್ಚಳದಡಿ ಒಂದು ರಂಧ್ರ ಇರುತ್ತದೆ. ಹ್ಯಾಂಡ್‌ಬ್ರೇಕ್ ಎಳೆದು, ಬ್ರೇಕ್ ಒತ್ತಿಕೊಂಡು, ಕೀ ಅಥವಾ ಸ್ಕ್ರೂಡ್ರೈವರ್‌ನಿಂದ ಅದನ್ನು ಒತ್ತಿದರೆ ಲಿವರ್ ಬಿಡುತ್ತದೆ. ಗಾಡಿಯ ಪುಸ್ತಕದಲ್ಲಿ ಚಿತ್ರ ಸಮೇತ ಇರುತ್ತದೆ. ಆದರೆ ಬ್ರೇಕ್ ದೀಪ ಉರಿಯದ ಗಾಡಿಯನ್ನು ಹೆದ್ದಾರಿಗೆ ಇಳಿಸಬೇಡಿ, ಹತ್ತಿರದ ಗ್ಯಾರೇಜ್ ತನಕ ಮಾತ್ರ.

ತೋಟದ ಮನೆಯವರಿಗೆ ಇನ್ನೊಂದು ಶತ್ರು ಇಲಿ. ಬಾನೆಟ್ ತೆಗೆದು ವಯರ್ ಸುತ್ತಿನ ಕಪ್ಪು ಕೊಳವೆಗಳನ್ನು ಟಾರ್ಚ್ ಹಾಕಿ ನೋಡಿ. ಚಕ್ರದ ವೇಗ ಅಳೆಯುವ ಸೆನ್ಸರ್ ವಯರ್ ತುಂಡಾದರೂ ಗೇರ್ ಎಡವಟ್ಟಾಗಬಹುದು. ಗೇರ್ ದೀಪದ ಜೊತೆ ಎಬಿಎಸ್ ದೀಪವೂ ಬಂದಿದ್ದರೆ ಈ ಸೆನ್ಸರ್ ಮತ್ತು ವಯರ್ ಮೊದಲು ನೋಡಿಸಿ.

ಡಿಗೋ ಆರ್‌ಗೋ ಹಾಕಿದ ತಕ್ಷಣ ‘ಧಡ್’ ಅಂತ ಹೊಡೆತ, ಓಡುವಾಗ ಗೇರ್ ಸರಿಯಾಗೇ ಬೀಳುತ್ತದೆ ಎಂದಾದರೆ ಎಂಜಿನ್ ಮೌಂಟಿಂಗ್ ಹರಿದಿರಬಹುದು. ನಮ್ಮ ಹೊಂಡದ ರಸ್ತೆಗಳಲ್ಲಿ ರಬ್ಬರ್ ಮೌಂಟ್‌ಗಳು ಬೇಗ ಸಾಯುತ್ತವೆ. ಊರಿನ ಯಾವ ಒಳ್ಳೆ ಮೆಕ್ಯಾನಿಕ್ ಆದರೂ ಬಾನೆಟ್ ತೆಗೆದು, ಬ್ರೇಕ್ ಒತ್ತಿಸಿ, ಡಿ-ಆರ್ ಬದಲಿಸಿದಾಗ ಎಂಜಿನ್ ಎಷ್ಟು ಜಿಗಿಯುತ್ತದೆ ಅಂತ ನೋಡಿಯೇ ಹೇಳುತ್ತಾನೆ. ಹಾಗೆ ನೋಡುವಾಗ ಕಾರಿನ ಮುಂದೆ ಯಾರೂ ನಿಲ್ಲಬಾರದು, ಬದಿಯಲ್ಲಿ ನಿಲ್ಲಬೇಕು.

ಆಯಿಲ್ ವಿಷಯ

ಟಾರ್ಕ್ ಕನ್ವರ್ಟರ್‌ನ ಹೊಸ ಆಯಿಲ್ ಸಾಮಾನ್ಯವಾಗಿ ಕೆಂಪು, ಪಾರದರ್ಶಕ. ಕಂದು ಬಣ್ಣಕ್ಕೆ ತಿರುಗಿ ಸುಟ್ಟ ವಾಸನೆ ಬಂದರೆ ಒಳಗಿನ ಕ್ಲಚ್‌ಗಳು ಬೆಂದಿವೆ ಎಂದರ್ಥ. ರೋಸ್ ಮಿಲ್ಕ್ ಬಣ್ಣ ಬಂದಿದ್ದರೆ ನೀರು ಅಥವಾ ಕೂಲಂಟ್ ಸೇರಿದೆ. ಆಗ ಒಂದು ಕಿಲೋಮೀಟರ್ ಕೂಡ ಓಡಿಸಬೇಡಿ. ಪಿಯಿಂದ ಡಿಗೆ ಹಾಕಿ ಎರಡು ಮೂರು ಸೆಕೆಂಡ್ ಕಾದ ಮೇಲೆ ಗೇರ್ ಹಿಡಿಯುತ್ತಿದ್ದರೆ, ಅದರಲ್ಲೂ ಬೆಳಗ್ಗಿನ ಮೊದಲ ಸಲ ಹಾಗಾಗುತ್ತಿದ್ದರೆ, ಆಯಿಲ್ ಕಮ್ಮಿ ಇದೆಯಾ ಎಂದು ಮೊದಲು ನೋಡಬೇಕು. ಆಯಿಲ್ ತನ್ನಷ್ಟಕ್ಕೆ ಆವಿಯಾಗಿ ಹೋಗುವುದಿಲ್ಲ. ಕಮ್ಮಿ ಆಗಿದ್ದರೆ ಎಲ್ಲೋ ಸೋರಿದೆ, ಅದನ್ನು ಹುಡುಕದೆ ಟಾಪಪ್ ಮಾಡಿ ಕಳಿಸಿದರೆ ಎರಡು ತಿಂಗಳಲ್ಲಿ ವಾಪಸ್ ಬರುತ್ತೀರಿ.

ಈಗಿನ ಬಹಳಷ್ಟು ಕಾರುಗಳಲ್ಲಿ ಡಿಪ್‌ಸ್ಟಿಕ್ಕೇ ಇಲ್ಲ. ಕಾರನ್ನು ಲಿಫ್ಟ್ ಮೇಲೆ ಸಮತಟ್ಟಾಗಿ ಏರಿಸಿ, ಆಯಿಲ್ ಕಂಪನಿ ಹೇಳಿದ ಉಷ್ಣತೆಗೆ ಬಂದಾಗ ಪ್ಲಗ್ ತೆಗೆದು ಮಟ್ಟ ನೋಡಬೇಕು. ಅಂದಾಜಿನಲ್ಲಿ ಸುರಿಯುವ ಕೆಲಸ ಅಲ್ಲ. ಜಾಸ್ತಿಯಾದರೆ ಒಳಗೆ ನೊರೆ ಬಂದು, ಕಮ್ಮಿ ಇದ್ದಾಗಿನ ತೊಂದರೆಗಳೇ ಶುರುವಾಗುತ್ತವೆ.

ಇದಕ್ಕಿಂತ ದೊಡ್ಡ ಅನಾಹುತ ತಪ್ಪು ಆಯಿಲ್. ಸಿವಿಟಿಗೆ ಸಿವಿಟಿ ಆಯಿಲೇ ಬೇಕು, ಅದರಲ್ಲೂ ಕಂಪನಿ ಹೇಳಿದ ದರ್ಜೆಯದ್ದೇ. ಮಾಮೂಲಿ ಕೆಂಪು ಎಟಿಎಫ್ ಹಾಕಿದರೆ ಬೆಲ್ಟ್ ಪುಲ್ಲಿಯ ಮೇಲೆ ಜಾರಿ ಎರಡೂ ಗೀರಿಹೋಗುತ್ತವೆ, ಆಮೇಲೆ ಸರಿಯಾದ ಆಯಿಲ್ ಹಾಕಿದರೂ ಪ್ರಯೋಜನ ಇಲ್ಲ. ಎಎಂಟಿಯ ಗೇರ್ ಬಾಕ್ಸ್‌ಗೆ ಮ್ಯಾನುವಲ್ ಗೇರ್ ಆಯಿಲ್, ಹೈಡ್ರಾಲಿಕ್ ಆಕ್ಚುವೇಟರ್‌ಗೆ ಬೇರೆಯೇ ಆಯಿಲ್. ಡಬ್ಬಿಯ ಮೇಲಿನ ದರ್ಜೆಯನ್ನೂ ಗಾಡಿಯ ಪುಸ್ತಕವನ್ನೂ ನೀವೇ ಹೊಂದಿಸಿ ನೋಡಿ, ನಾಚಿಕೊಳ್ಳುವಂಥದ್ದು ಏನಿಲ್ಲ.

‘ಇದು ಲೈಫ್‌ಟೈಮ್ ಆಯಿಲ್, ಬದಲಿಸಬೇಕಿಲ್ಲ’ ಎಂಬ ಮಾತನ್ನು ನಾನು ನಂಬುವುದಿಲ್ಲ. ಘಟ್ಟ ಹತ್ತಿ ಇಳಿಯುವ, ಬೇಸಿಗೆಯಲ್ಲಿ ಟ್ರಾಫಿಕ್‌ನಲ್ಲಿ ನಿಲ್ಲುವ ಗಾಡಿಗೆ ಪುಸ್ತಕದಲ್ಲಿ ‘ಕಠಿಣ ಬಳಕೆ’ ಎಂಬ ಕಾಲಂ ಇದ್ದರೆ ಅದೇ ನಿಮ್ಮ ಲೆಕ್ಕ. ಒಂದು ಸಲ ಡ್ರೈನ್ ಮಾಡಿದರೆ ಟಾರ್ಕ್ ಕನ್ವರ್ಟರ್‌ನಲ್ಲಿರುವ ಹಳೇ ಆಯಿಲ್ ಬರುವುದಿಲ್ಲ. ಹಾಗಾಗಿ ಸ್ವಲ್ಪ ಓಡಿಸಿ ಇನ್ನೊಮ್ಮೆ ಬದಲಿಸುವ ರೂಢಿ ಇದೆ. ಯಂತ್ರ ಇಟ್ಟು ಒತ್ತಡದಲ್ಲಿ ತೊಳೆಯುವುದಕ್ಕಿಂತ ಹಳೇ ಗಾಡಿಗೆ ಇದೇ ವಾಸಿ.

ಎಎಂಟಿ: ಕ್ಲಚ್ ಹಾಕಿದ ಮೇಲಿನ ಕೆಲಸ

ಎಎಂಟಿಯಲ್ಲಿ ಸ್ಲಿಪ್, ಏರಿನಲ್ಲಿ ಸುಟ್ಟ ವಾಸನೆ, ಹೊರಡುವಾಗ ನಡುಕ ಇವು ಕ್ಲಚ್ ಮುಗಿದಿದೆ ಎಂಬ ಸೂಚನೆ. ಗಾಡಿ ನಿಲ್ಲಿಸಿದ್ದಾಗ ತಾನಾಗಿ ಎನ್‌ಗೆ ಬರುವುದು, ಡ್ಯಾಶ್‌ಬೋರ್ಡ್‌ನಲ್ಲಿ ಗೇರ್ ಸಂಖ್ಯೆ ಮಿನುಗುವುದು, ಒಂದು ಗೇರ್ ಮಾತ್ರ ಬೀಳದಿರುವುದು ಹೆಚ್ಚಾಗಿ ಆಕ್ಚುವೇಟರ್, ಅದರ ಆಯಿಲ್ ಒತ್ತಡ ಅಥವಾ ಗೇರ್ ಪೊಸಿಷನ್ ಸೆನ್ಸರ್ ಕಡೆಯ ತೊಂದರೆ. ಹೈಡ್ರಾಲಿಕ್ ಪಂಪ್ ಇರುವ ಮಾಡೆಲ್‌ಗಳಲ್ಲಿ ಡ್ರೈವರ್ ಬಾಗಿಲು ತೆಗೆದಾಗ ಅಥವಾ ಕೀ ತಿರುಗಿಸಿದಾಗ ‘ಝುಂಯ್’ ಅಂತ ಒಂದೆರಡು ಸೆಕೆಂಡ್ ಶಬ್ದ ಬರುತ್ತದೆ. ಆ ಶಬ್ದ ಈಗ ಬರುತ್ತಿಲ್ಲ, ಅಥವಾ ನಿಲ್ಲುವುದೇ ಇಲ್ಲ ಎಂದಾದರೆ ಮೆಕ್ಯಾನಿಕ್‌ಗೆ ಅದನ್ನು ಮೊದಲೇ ಹೇಳಿ.

ಕ್ಲಚ್ ಪ್ಲೇಟ್ ಬದಲಿಸುವುದು ಮ್ಯಾನುವಲ್ ಗಾಡಿ ಕೆಲಸದ ಹಾಗೆಯೇ. ವ್ಯತ್ಯಾಸ ಇರುವುದು ಆಮೇಲೆ. ಹೊಸ ಪ್ಲೇಟ್ ಎಲ್ಲಿ ಕಚ್ಚುತ್ತದೆ ಎಂಬುದನ್ನು ಸ್ಕ್ಯಾನರ್ ಜೋಡಿಸಿ ಕಂಪ್ಯೂಟರ್‌ಗೆ ಕಲಿಸಬೇಕು. ‘ಕ್ಲಚ್ ಲರ್ನಿಂಗ್’ ಅಥವಾ ‘ಕ್ಯಾಲಿಬ್ರೇಷನ್’ ಅಂತಾರೆ. ಅದನ್ನು ಮಾಡದೆ ಬಿಟ್ಟರೆ ಹಳೇ ಪ್ಲೇಟ್‌ನ ಲೆಕ್ಕದಲ್ಲೇ ಕಂಪ್ಯೂಟರ್ ಕ್ಲಚ್ ಬಿಡುತ್ತದೆ, ಗಾಡಿ ಮೊದಲಿಗಿಂತ ಜೋರಾಗಿ ಜರ್ಕ್ ಹೊಡೆಯುತ್ತದೆ, ಆಗ ‘ಆಕ್ಚುವೇಟರೂ ಹೋಗಿದೆ’ ಅಂತ ಇನ್ನೊಂದು ಬಿಲ್ಲು. ಕ್ಲಚ್ ಕೆಲಸ ಕೊಡುವ ಮೊದಲೇ ಕೇಳಿ: ನಿಮ್ಮಲ್ಲಿ ಈ ಗಾಡಿಯ ಲರ್ನಿಂಗ್ ಮಾಡುವ ಸ್ಕ್ಯಾನರ್ ಇದೆಯಾ? ಇಲ್ಲ ಅಂದರೆ ಕೆಲಸ ಎಷ್ಟೇ ಚೀಪ್ ಆದರೂ ಬೇಡ.

ಡಿಸಿಟಿಯಲ್ಲಿ, ಅದರಲ್ಲೂ ಆಯಿಲ್ ಇಲ್ಲದ ಡ್ರೈ ಕ್ಲಚ್ ಇರುವವುಗಳಲ್ಲಿ, ಶತ್ರು ಬಿಸಿ. ತೆವಳುವ ಟ್ರಾಫಿಕ್‌ನಲ್ಲಿ ಅಡಿ ಅಡಿಗೆ ಮುಂದೆ ಬಿಡುತ್ತಾ ಹೋದರೆ ಕ್ಲಚ್ ಅರ್ಧ ಕಚ್ಚಿಕೊಂಡೇ ಇರುತ್ತದೆ. ಮುಂದೆ ಸ್ವಲ್ಪ ಜಾಗ ಆಗುವ ತನಕ ನಿಂತು ಒಮ್ಮೆಲೇ ಹೋಗಿ, ಹಿಂದಿನವರು ಹಾರ್ನ್ ಹೊಡೆದರೂ ಪರವಾಗಿಲ್ಲ. ಬಿಸಿಯ ಎಚ್ಚರಿಕೆ ಬಂದರೆ ಬದಿಗೆ ನಿಲ್ಲಿಸಿ ಪಿಗೆ ಹಾಕಿ, ಪುಸ್ತಕ ಹೇಳುವಂತೆ ತಣಿಯಲು ಬಿಡಿ.

ಸ್ಕ್ಯಾನರ್ ಕೋಡ್ ಓದುವುದು

ಸ್ಟಿಯರಿಂಗ್ ಕೆಳಗೆ ಮೊಣಕಾಲಿನ ಹತ್ತಿರ ಇರುವ ಪ್ಲಗ್‌ಗೆ ಬ್ಲೂಟೂತ್ ಸ್ಕ್ಯಾನರ್ ಹಾಕಿ ಮೊಬೈಲ್‌ನಲ್ಲೇ ಕೋಡ್ ನೋಡಬಹುದು. ಪಿ0700 ಬಂದರೆ ಅದರಿಂದ ಏನೂ ಗೊತ್ತಾಗುವುದಿಲ್ಲ. ‘ಗೇರ್ ಕಂಪ್ಯೂಟರ್‌ನಲ್ಲಿ ಬೇರೆ ಕೋಡ್ ಇದೆ, ಅಲ್ಲಿ ನೋಡು’ ಎಂದಷ್ಟೇ ಅದರ ಅರ್ಥ. ಅಗ್ಗದ ಸ್ಕ್ಯಾನರ್‌ಗಳು ಹೆಚ್ಚಾಗಿ ಎಂಜಿನ್ ಕಂಪ್ಯೂಟರ್ ಮಾತ್ರ ಓದುತ್ತವೆ, ಹಾಗಾಗಿ ಒಳ್ಳೆಯ ಸ್ಕ್ಯಾನರ್ ಇರುವವರ ಹತ್ತಿರ ಹೋಗಲೇಬೇಕು. ಪಿ0562 ಎಂದರೆ ವೋಲ್ಟೇಜ್ ಕಮ್ಮಿ, ಬ್ಯಾಟರಿ ನೋಡಿ. ಪಿ0715, ಪಿ0720 ವೇಗ ಅಳೆಯುವ ಸೆನ್ಸರ್‌ಗಳವು, ಪಿ0730 ಗೇರ್ ಅನುಪಾತ ತಾಳೆಯಾಗುತ್ತಿಲ್ಲ ಎನ್ನುತ್ತದೆ, ಪಿ0741 ಲಾಕಪ್ ಕ್ಲಚ್‌ನದ್ದು.

ಕೋಡ್ ಬಂತು ಎಂದ ಮಾತ್ರಕ್ಕೆ ಆ ಸಾಮಾನೇ ಕೆಟ್ಟಿದೆ ಅಂತಲ್ಲ, ಅದಕ್ಕೆ ಹೋಗುವ ವಯರ್ ಕೂಡ ಆಗಿರಬಹುದು. ಇನ್ನೊಂದು, ಬ್ಯಾಟರಿ ಬಿಚ್ಚಿ ಹಾಕಿ ‘ಸರಿಯಾಯ್ತು’ ಎನ್ನುವವರಿದ್ದಾರೆ. ಅದರಿಂದ ದೀಪ ಆರುತ್ತದೆ, ಕೋಡ್ ಅಳಿಸಿಹೋಗಬಹುದು, ಕಾಯಿಲೆ ಹಾಗೇ ಉಳಿಯುತ್ತದೆ. ಬಿಚ್ಚುವ ಮೊದಲು ಕೋಡ್‌ನ ಫೋಟೋ ತೆಗೆದಿಡಿ.

ಘಟ್ಟದಲ್ಲಿ, ನೆರೆಯಲ್ಲಿ

ಚಾರ್ಮಾಡಿಯ ತಿರುವುಗಳಲ್ಲಿ, ಶಿರಾಡಿ ಅಥವಾ ಸಂಪಾಜೆಯ ಏರಿನಲ್ಲಿ ಲಾರಿ ಹಿಂದೆ ಸಿಕ್ಕಿಕೊಂಡರೆ ಆಟೋಮ್ಯಾಟಿಕ್ ಎರಡು-ಮೂರರ ನಡುವೆ ಹಿಂದೆ ಮುಂದೆ ಮಾಡುತ್ತಾ ಇರುತ್ತದೆ. ಇದು ಕೆಟ್ಟ ಲಕ್ಷಣ ಅಲ್ಲ, ಮುಂದೆ ಏರು ಇದೆ ಅಂತ ಅದಕ್ಕೆ ಕಾಣುವುದಿಲ್ಲ ಅಷ್ಟೇ. ಎಂ ಮೋಡ್‌ಗೆ ಹಾಕಿ ಎರಡರಲ್ಲೇ ಹಿಡಿದಿಡಿ. ಏರಿನಲ್ಲಿ ನಿಂತಾಗ ಎಎಂಟಿ ಅಥವಾ ಡಿಸಿಟಿ ಕಾರನ್ನು ಆಕ್ಸಿಲರೇಟರ್‌ನಲ್ಲಿ ಹಿಡಿದು ನಿಲ್ಲಿಸುವುದು ಮಾತ್ರ ಬೇಡ ಮಾರಾಯ್ರೆ, ಕ್ಲಚ್ ಸುಡಲು ಅದಕ್ಕಿಂತ ಸುಲಭದ ದಾರಿ ಇಲ್ಲ. ಬ್ರೇಕ್ ಅಥವಾ ಹ್ಯಾಂಡ್‌ಬ್ರೇಕ್ ಬಳಸಿ. ಇಳಿಯುವಾಗಲೂ ಎಂ, ಎಲ್ ಅಥವಾ ಎಸ್‌ನಲ್ಲಿ ಎಂಜಿನ್ ಹಿಡಿತ ಬಳಸಿ. ಎನ್‌ಗೆ ಹಾಕಿ ಜಾರಿಸಿದರೆ ಎಣ್ಣೆ ಉಳಿಯುವುದಿಲ್ಲ, ಬ್ರೇಕ್ ಬಿಸಿಯಾಗಿ ಕೈಕೊಡುತ್ತದೆ.

ಘಟ್ಟದ ನಡುವೆ ಗೇರ್ ದೀಪ ಬಂದು ಕಾರು ಒಂದೇ ಗೇರ್‌ನಲ್ಲಿ ಸಿಕ್ಕಿಕೊಂಡರೆ ಅದು ಲಿಂಪ್ ಮೋಡ್. ತನ್ನನ್ನು ಉಳಿಸಿಕೊಳ್ಳಲು ಗಾಡಿ ಹಾಗೆ ಮಾಡುತ್ತದೆ. ಅಗಲ ಜಾಗ ನೋಡಿ ನಿಲ್ಲಿಸಿ, ಹಜಾರ್ಡ್ ದೀಪ ಹಾಕಿ, ಎಂಜಿನ್ ಆಫ್ ಮಾಡಿ ಹದಿನೈದು ಇಪ್ಪತ್ತು ನಿಮಿಷ ಬಿಡಿ. ಮತ್ತೆ ಸರಿಯಾಗಿ ಓಡಿದರೂ ಅಲ್ಲಿಂದ ನಿಧಾನವಾಗಿ ಸುರಕ್ಷಿತ ಜಾಗಕ್ಕೆ ತಲುಪಲು ಮಾತ್ರ ಬಳಸಿ. ಅದೇ ಗಾಡಿಯಲ್ಲಿ ಬೆಂಗಳೂರಿಗೆ ಹೋಗುವ ಯೋಚನೆ ಬೇಡ.

ನೆರೆ ನೀರಲ್ಲಿ ನಿಂತ ಕಾರನ್ನು ಸ್ಟಾರ್ಟ್ ಮಾಡಬೇಡಿ. ಗೇರ್ ಬಾಕ್ಸ್‌ನ ಗಾಳಿ ಆಡುವ ಕೊಳವೆಯಿಂದ ನೀರು ಒಳಗೆ ಹೋಗಿರಬಹುದು. ಎಳೆಸುವಾಗ ಫ್ಲಾಟ್‌ಬೆಡ್ ಲಾರಿಯನ್ನೇ ಕೇಳಿ. ಟಾರ್ಕ್ ಕನ್ವರ್ಟರ್, ಸಿವಿಟಿ ಗಾಡಿಗಳಲ್ಲಿ ಎಂಜಿನ್ ಆಫ್ ಇದ್ದರೆ ಆಯಿಲ್ ಪಂಪೂ ಆಫ್. ಎಳೆಯುವ ಚಕ್ರಗಳು ನೆಲದಲ್ಲಿ ತಿರುಗುತ್ತಾ ಹೋದರೆ ಒಳಗೆ ಒಣಗಿದ ಲೋಹ ಲೋಹಕ್ಕೆ ಉಜ್ಜುತ್ತದೆ. ಹಗ್ಗ ಕಟ್ಟಿ ಜೀಪಿನಲ್ಲಿ ಎಳೆದು ಉಳಿಸಿದ ಸಾವಿರ ರೂಪಾಯಿ ಆಮೇಲೆ ಗೇರ್ ಬಾಕ್ಸ್ ಬಿಲ್ಲಲ್ಲಿ ಬರುತ್ತದೆ.

ಕೊನೆಗೆ ಬಾಕ್ಸ್ ಇಳಿಸಲೇಬೇಕು ಅಂದರೆ

ಎಸ್ಟಿಮೇಟ್ ಬರಹದಲ್ಲಿ ತಗೊಳ್ಳಿ, ಅದರಲ್ಲಿ ಯಾವ ಕೋಡ್, ಯಾವ ಪರೀಕ್ಷೆಯ ಮೇಲೆ ಈ ತೀರ್ಮಾನಕ್ಕೆ ಬಂದರು ಅಂತ ಬರೆಸಿ. ಜಾಬ್ ಕಾರ್ಡ್‌ನಲ್ಲಿ ನಿಮ್ಮ ದೂರು ನಿಮ್ಮ ಮಾತಲ್ಲೇ ಇರಲಿ. ‘ಗೇರ್ ಪ್ರಾಬ್ಲಂ’ ಅಂತಲ್ಲ, ‘ತಣ್ಣಗಿದ್ದಾಗ ಎರಡರಿಂದ ಮೂರಕ್ಕೆ ಹೋಗುವಾಗ ಜರ್ಕ್, ಬಿಸಿಯಾದ ಮೇಲೆ ಇಲ್ಲ’ ಅಂತ. ಸಾಧ್ಯವಾದರೆ ಸರ್ವಿಸ್‌ನವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಓಡಿಸಿ ತೋರಿಸಿ. ಬದಲಿಸಿದ ಹಳೇ ಸಾಮಾನು ವಾಪಸ್ ಕೊಡಬೇಕು ಅಂತ ಮೊದಲೇ ಹೇಳಿಡಿ. ವಾರಂಟಿ ಅಥವಾ ಎಕ್ಸ್‌ಟೆಂಡೆಡ್ ವಾರಂಟಿ ಇದ್ದರೆ ಹೊರಗಿನ ಗ್ಯಾರೇಜ್‌ನಲ್ಲಿ ಏನನ್ನೂ ಬಿಚ್ಚಿಸಬೇಡಿ.

ಕೆಲಸ ಸರಿಯಾಗದೆ, ಕೇಳಿದರೂ ಉತ್ತರ ಸಿಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಅಲ್ಲಿಗೂ ಬಗೆಹರಿಯದಿದ್ದರೆ ಮಂಗಳೂರಿನಲ್ಲಿರುವ ಜಿಲ್ಲಾ ಗ್ರಾಹಕರ ಆಯೋಗ ಇದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ತೊಂದರೆ ಹುಟ್ಟಿದ ಎರಡು ವರ್ಷದೊಳಗೆ ದೂರು ಕೊಡಬೇಕು, ಆನ್‌ಲೈನ್‌ನಲ್ಲೂ ಕೊಡಬಹುದು. ಬಿಲ್ಲು, ಜಾಬ್ ಕಾರ್ಡ್, ಕೋಡ್‌ನ ಫೋಟೋ ಎಲ್ಲವನ್ನೂ ಒಂದು ಫೈಲಿನಲ್ಲಿ ಹಾಕಿಡಿ. ಬಿಲ್ಲಿನ ಶಾಯಿ ವರ್ಷದೊಳಗೆ ಮಾಸಿಹೋಗುವುದರಿಂದ ಅದರದ್ದೂ ಒಂದು ಫೋಟೋ ಇರಲಿ.